‘ಸೂಪರ್’ ಎಂದರೆ ಅಪ್ಪನಲ್ಲ

ಥಾಣೆಯಿಂದ ಕಲ್ಯಾಣದವರೆಗೆ ಯಾವ ಸ್ಟೇಷನ್ನಿನಲ್ಲಿ ಇಳಿದರೂ ನಾಲ್ಕು ಹೆಜ್ಜೆಗೊಂದು ಕೋಚಿಂಗ್ ಕ್ಲಾಸಿನ ಬೋರ್ಡು ಕಾಣುತ್ತದೆ. ಹನ್ನೆರಡನೆಯ ತರಗತಿಯ ಕಂಪ್ಯೂಟರ್ ಸೈನ್ಸ್, ಬಿಎಸ್‌ಸಿ ಐಟಿ, ಇಂಜಿನಿಯರಿಂಗ್. ಜಾವಾ, ಸಿ ಪ್ಲಸ್ ಪ್ಲಸ್, ಪೈಥಾನ್. ಒಳಗೆ ಕೈಯಿಂದ ಕೈಗೆ ಹೋಗುವ ಜೆರಾಕ್ಸ್ ನೋಟ್ಸಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ದಿಸ್’ ಎಂದರೆ ಕರೆಂಟ್ ಆಬ್ಜೆಕ್ಟ್, ‘ಸೂಪರ್’ ಎಂದರೆ ಪೇರೆಂಟ್ ಆಬ್ಜೆಕ್ಟ್. ಎರಡು ಮಾರ್ಕಿನ ಪ್ರಶ್ನೆ, ಎರಡು ಮಾರ್ಕಿನ ಉತ್ತರ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪಾಸಾಗುತ್ತಾರೆ.

ಆ ಸಾಲಿನ ಮೊದಲರ್ಧ ಅರೆಬೆಂದದ್ದು. ಎರಡನೆಯರ್ಧ ಸುಳ್ಳು. ಇಂಗ್ಲಿಷಿನಲ್ಲಿ ಅದು ಸುಳ್ಳೆಂದು ಕಾಣುವುದೇ ಇಲ್ಲ. ಕನ್ನಡದಲ್ಲಿ ಒಂದು ವಾಕ್ಯ ಮಾಡಿ ನೋಡಿದರೆ ತಕ್ಷಣ ಕಾಣುತ್ತದೆ. ಡೊಂಬಿವಲಿಯ, ಕಲ್ಯಾಣದ, ನೆರೂಳಿನ ಕನ್ನಡದ ಮನೆಗಳ ಮಕ್ಕಳ ನಾಲಗೆಯ ಮೇಲೆ ಆ ವಾಕ್ಯ ಆಗಲೇ ಇದೆ. ಕ್ಲಾಸಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಅದನ್ನೂ ಬಿಚ್ಚಿಟ್ಟು ಒಳಗೆ ಬರಬೇಕೆಂಬ ಕಟ್ಟಳೆಯನ್ನು ಮಾಡಿದವರು ಯಾರು ಎಂಬುದೇ ಇಲ್ಲಿರುವ ಜಗಳ.

ಎರಡು ಮಸಾಲೆ ದೋಸೆಯ ಬಿಲ್ಲು

ಮೊದಲು ಲೆಕ್ಕ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಇದನ್ನು ಮಾಡಬಹುದು.

ಒಂದು ಮೂಲ ಹೋಟೆಲು ಇದೆ ಎನ್ನಿ. ಅದರ ನಿಯಮ ಎರಡು. ಒಂದನೆಯದು ‘ದರ’: ಮಸಾಲೆ ದೋಸೆಗೆ 60 ರೂಪಾಯಿ. ಎರಡನೆಯದು ‘ಬಿಲ್ಲು’: ಎಷ್ಟು ದೋಸೆಯೋ ಅಷ್ಟನ್ನು ದರದಿಂದ ಗುಣಿಸು. ಈ ಹೋಟೆಲಿನ ನಿಯಮಗಳನ್ನೇ ಪಡೆದುಕೊಂಡು ಡೊಂಬಿವಲಿಯಲ್ಲಿ ಒಂದು ಶಾಖೆ ಶುರುವಾಗುತ್ತದೆ. ಇಲ್ಲಿ ಬಾಡಿಗೆ ಹೆಚ್ಚು. ಹಾಗಾಗಿ ಶಾಖೆ ‘ದರ’ದ ನಿಯಮವನ್ನು ಬದಲಿಸಿ 80 ಮಾಡಿಕೊಳ್ಳುತ್ತದೆ. ‘ಬಿಲ್ಲಿ’ಗೂ ಒಂದು ಹೊಸ ನಿಯಮ ಬರೆದುಕೊಳ್ಳುತ್ತದೆ: ಸೂಪರ್‌ನ ಬಿಲ್ಲು ಮಾಡು, ಅದಕ್ಕೆ ಪಾರ್ಸೆಲಿನ 10 ರೂಪಾಯಿ ಸೇರಿಸು. ಈಗ ಡೊಂಬಿವಲಿ ಶಾಖೆಯಲ್ಲಿ ಎರಡು ದೋಸೆ ಪಾರ್ಸೆಲ್ ತೆಗೆದುಕೊಂಡರೆ ಬಿಲ್ಲು ಎಷ್ಟು?

ನೋಟ್ಸಿನ ಸಾಲನ್ನು ನಂಬಿದವರು ಹೀಗೆ ಲೆಕ್ಕ ಹಾಕುತ್ತಾರೆ: ಸೂಪರ್ ಎಂದರೆ ಪೇರೆಂಟ್ ಆಬ್ಜೆಕ್ಟ್. ಅಂದರೆ ಕೆಲಸ ಮೂಲ ಹೋಟೆಲಿಗೆ ಹೋಯಿತು. ಅಲ್ಲಿಯ ದರ 60. ಎರಡಕ್ಕೆ 120, ಪಾರ್ಸೆಲ್ ಸೇರಿ 130.

ಕಂಪ್ಯೂಟರ್ ಕೊಡುವ ಉತ್ತರ 170.

ಯಾಕೆಂದರೆ ಇಲ್ಲಿ ಎರಡು ಹೋಟೆಲುಗಳೇ ಇಲ್ಲ. ಗಿರಾಕಿ ನಿಂತಿರುವುದು ಒಂದೇ ಕೌಂಟರಿನ ಮುಂದೆ. ಡೊಂಬಿವಲಿ ಶಾಖೆಯೇ ಬಿಲ್ಲು ಮಾಡುತ್ತಿದೆ. ಮಾಡುವ ಕ್ರಮ ಮಾತ್ರ ಮೂಲ ಹೋಟೆಲಿನದು. ಆ ಕ್ರಮದಲ್ಲಿ ‘ದರದಿಂದ ಗುಣಿಸು’ ಎಂದು ಬಂದಾಗ ಶಾಖೆ ನೋಡುವುದು ತನ್ನ ದರವನ್ನು. 80ರಂತೆ ಎರಡಕ್ಕೆ 160, ಮೇಲೆ 10.

ಇದನ್ನೇ ಕನ್ನಡದಲ್ಲಿ ಒಂದು ವಾಕ್ಯ ಮಾಡಿ: ಶಾಖೆಯು ಮೂಲದಂತೆ ಬಿಲ್ಲು ಮಾಡುತ್ತದೆ, ಆದರೆ ತನ್ನ ದರದಲ್ಲಿ. ಈ ವಾಕ್ಯ ಕೇಳಿದ ಯಾವ ಮಗುವೂ 130 ಎನ್ನುವುದಿಲ್ಲ. ‘ಮೂಲದಂತೆ’ ಎಂಬುದು ‘ಹೇಗೆ’ ಎಂಬುದಕ್ಕೆ ಉತ್ತರ, ‘ಯಾರು’ ಎಂಬುದಕ್ಕಲ್ಲ. ‘ತನ್ನ’ ಎಂಬುದು ಶಾಖೆಗೆ ಅಂಟಿಕೊಂಡೇ ಇದೆ.

ಹೋಟೆಲು ಬೇಡವೆಂದರೆ ಅಡುಗೆಮನೆ ಇದೆ. ‘ಅಮ್ಮ ಮಾಡಿದ ಹಾಗೆ ಸಾರು ಮಾಡು’ ಎಂದರೆ ಕಾರ್ಕಳದಿಂದ ಅಮ್ಮ ರೈಲು ಹತ್ತಿ ಡೊಂಬಿವಲಿಗೆ ಬರುವುದಿಲ್ಲ. ಮಗಳೇ ಮಾಡುತ್ತಾಳೆ, ತನ್ನ ಒಲೆಯಲ್ಲಿ, ತನ್ನ ಡಬ್ಬದ ಹುಡಿ ಹಾಕಿ. ಸೂಪರ್ ಎಂದರೆ ಇಷ್ಟೇ. ಅಮ್ಮನೂ ಅಲ್ಲ, ಅಪ್ಪನೂ ಅಲ್ಲ, ಅವರ ಹಾಗೆ.

ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. ಸಿ ಪ್ಲಸ್ ಪ್ಲಸ್‌ನಲ್ಲಿ ‘ದರ’ವನ್ನು ವರ್ಚುವಲ್ ಎಂದು ಗುರುತು ಮಾಡದಿದ್ದರೆ 130 ಬರುತ್ತದೆ. ಜಾವಾದಲ್ಲಿ ‘ದರ’ವನ್ನು ಮೆಥಡ್ ಮಾಡದೆ ಬರಿಯ ಫೀಲ್ಡಾಗಿ ಇಟ್ಟು, ಅದೇ ಹೆಸರಿನ ಇನ್ನೊಂದು ಫೀಲ್ಡನ್ನು ಶಾಖೆಯಲ್ಲಿ ಬರೆದರೂ 130 ಬರುತ್ತದೆ. ಆದರೆ ಇವು ಆಯಾ ಭಾಷೆಗಳು ತಿಳಿದೇ ಮಾಡಿಕೊಂಡ ಏರ್ಪಾಡು. ಅಲ್ಲಿಯೂ ಎರಡನೆಯ ಹೋಟೆಲು ಹುಟ್ಟುವುದಿಲ್ಲ. ಇರುವ ಒಂದೇ ಹೋಟೆಲು ಯಾವ ದರಪಟ್ಟಿ ನೋಡಬೇಕು ಎಂಬುದು ಬೇರೆ ರೀತಿಯಲ್ಲಿ ತೀರ್ಮಾನವಾಗುತ್ತದೆ, ಅಷ್ಟೇ.

ಒಂದು ಪದ, ಮೇಲೂ ಹೌದು ಕೆಳಗೂ ಹೌದು

ಸೂಪರ್ ಬೇರೊಂದು ಆಬ್ಜೆಕ್ಟ್ ಅಲ್ಲ ಎಂಬುದಕ್ಕೆ ಸಾಕ್ಷಿ ಬೇಕೆನ್ನುವವರು ಜಾವಾವನ್ನೇ ಕೇಳಬಹುದು. ಜಾವಾದಲ್ಲಿ ‘ರಿಟರ್ನ್ ದಿಸ್’ ಎಂದು ಬರೆಯಬಹುದು. ದಿಸ್ ಅನ್ನು ಒಂದು ವೇರಿಯಬಲ್ಲಿನಲ್ಲಿ ಇಡಬಹುದು, ಇನ್ನೊಂದು ಮೆಥಡ್ಡಿಗೆ ಕೊಡಬಹುದು. ‘ರಿಟರ್ನ್ ಸೂಪರ್’ ಎಂದು ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ. ಸಿ ಶಾರ್ಪಿನ ‘ಬೇಸ್’ ಕೂಡ ಹಾಗೆಯೇ. ಅದು ನಾಮಪದವಾಗಿದ್ದರೆ ಕೈಯಲ್ಲಿ ಎತ್ತಿ ಕೊಡಲು ಬರಬೇಕಿತ್ತು. ‘ಅಮ್ಮನನ್ನು ಕರೆದುಕೊಂಡು ಬಾ’ ಎನ್ನಬಹುದು. ‘ಅಮ್ಮನಂತೆಯನ್ನು ಕರೆದುಕೊಂಡು ಬಾ’ ಎಂದರೆ ಅದು ಕನ್ನಡವೇ ಅಲ್ಲ. ಕಂಪೈಲರ್ ಹೇಳುವುದೂ ಅದನ್ನೇ. ಸೂಪರ್ ಇರುವುದು ಕ್ರಿಯಾವಿಶೇಷಣದ ಜಾಗದಲ್ಲಿ. ಅದನ್ನು ನಾಮಪದ ಮಾಡಿ ಕಲಿಸುವುದೇ ತಪ್ಪಿನ ಬುಡ.

ತಪ್ಪು ಹುಟ್ಟುವುದಕ್ಕೆ ಒಂದು ಕಾರಣವೂ ಇದೆ. ಹೊಸ ಆಬ್ಜೆಕ್ಟ್ ಮಾಡುವಾಗ ಕನ್‌ಸ್ಟ್ರಕ್ಟರಿನ ಮೊದಲ ಸಾಲಿನಲ್ಲಿ ಸೂಪರ್ ಬರುತ್ತದೆ. ಅದನ್ನು ನೋಡಿದ ಮಕ್ಕಳು ‘ಓಹೋ, ಮೊದಲು ತಂದೆ ಹುಟ್ಟಿದ, ಆಮೇಲೆ ಮಗ’ ಎಂದುಕೊಳ್ಳುತ್ತಾರೆ. ಕಲಿಸುವವರು ಬೋರ್ಡಿನ ಮೇಲೆ ಎರಡು ಡಬ್ಬ ಬರೆದು ಅದನ್ನೇ ಗಟ್ಟಿ ಮಾಡುತ್ತಾರೆ. ಅಲ್ಲಿ ಆಗುವುದು ಬೇರೆ. ಮೊದಲು ಅಡಿಪಾಯ, ಆಮೇಲೆ ಗೋಡೆ. ಮನೆ ಮಾತ್ರ ಒಂದೇ. ಅಡಿಪಾಯ ಹಾಕಿದ ದಿನ ಒಂದು ಮನೆ, ಗೋಡೆ ಎದ್ದ ದಿನ ಇನ್ನೊಂದು ಮನೆ ಎಂದು ಯಾವ ಮೇಸ್ತ್ರಿಯೂ ಹೇಳುವುದಿಲ್ಲ.

ಹೆಸರುಗಳ ಚರಿತ್ರೆ ನೋಡಿದರೆ ಇಂಗ್ಲಿಷಿಗೇ ಇದು ಬಗೆಹರಿದ ವಿಷಯವಲ್ಲ ಎಂದು ಗೊತ್ತಾಗುತ್ತದೆ. ಆಬ್ಜೆಕ್ಟುಗಳ ಕಲ್ಪನೆ ಮೊದಲು ರೂಪ ಪಡೆದದ್ದು ನಾರ್ವೆಯ ಓಸ್ಲೋದಲ್ಲಿ, ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಕಟ್ಟಿದ ಸಿಮ್ಯುಲಾ 67 ಭಾಷೆಯಲ್ಲಿ. ಅದರಲ್ಲಿ ‘ದಿಸ್’ ಇತ್ತು. ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಬೆಳೆಸಿದ ಸ್ಮಾಲ್‌ಟಾಕ್‌ನಲ್ಲಿ ಅದು ‘ಸೆಲ್ಫ್’ ಆಯಿತು, ಜೊತೆಗೆ ‘ಸೂಪರ್’ ಬಂತು. ಸ್ಮಾಲ್‌ಟಾಕ್-80 ಭಾಷೆಯಲ್ಲಿ ಸೆಲ್ಫ್ ಮತ್ತು ಸೂಪರ್ ಎರಡೂ ಸೂಚಿಸುವುದು ಒಂದೇ ಆಬ್ಜೆಕ್ಟನ್ನು. ಮೆಥಡ್ಡನ್ನು ಹುಡುಕಲು ಎಲ್ಲಿಂದ ಶುರು ಮಾಡಬೇಕು ಎಂಬುದಷ್ಟೇ ವ್ಯತ್ಯಾಸ. ಅಂದರೆ ಸರಿಯಾದ ವಿವರಣೆ ಆ ಕಾಲದಿಂದಲೂ ಇದೆ. 1995ರಲ್ಲಿ ಹೊರಬಂದ ಜಾವಾ ‘ದಿಸ್’ ಅನ್ನೂ ‘ಸೂಪರ್’ ಅನ್ನೂ ಇಟ್ಟುಕೊಂಡಿತು. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ‘ಬೇಸ್’ ಎಂದಿತು. ಪಿಎಚ್‌ಪಿ ‘ಪೇರೆಂಟ್’ ಎಂದಿತು. ವಿಷುವಲ್ ಬೇಸಿಕ್ ‘ಮಿ’, ‘ಮೈಬೇಸ್’ ಎಂದಿತು. ಸಿ ಪ್ಲಸ್ ಪ್ಲಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಮೂಲಗಳಿರಬಹುದಾದ್ದರಿಂದ ಸೂಪರ್ ಎಂಬ ಪದವೇ ಇಲ್ಲ; ಯಾವ ಮೂಲವೋ ಅದರ ಹೆಸರನ್ನೇ ಬರೆಯಬೇಕು.

ಗಮನಿಸಿ: ‘ಸೂಪರ್’ ಎಂದರೆ ಮೇಲೆ, ‘ಬೇಸ್’ ಎಂದರೆ ಕೆಳಗೆ. ಒಬ್ಬರಿಗೆ ತಲೆಯ ಮೇಲಿರುವುದು ಇನ್ನೊಬ್ಬರಿಗೆ ಕಾಲ ಕೆಳಗೆ. ಇಂಥ ಪದಗಳನ್ನು ನಿಘಂಟು ತೆರೆದು ಅನುವಾದ ಮಾಡಲು ಹೊರಟರೆ ಏನಾಗುತ್ತದೆ? ಕ್ಲಾಸಿಗೆ ‘ವರ್ಗ’ ಎನ್ನುತ್ತಾರೆ. ಸೂಪರ್‌ಕ್ಲಾಸಿಗೆ ‘ಮೇಲ್ವರ್ಗ’. ಸಬ್‌ಕ್ಲಾಸಿಗೆ ‘ಕೆಳವರ್ಗ’. ಕೆಳವರ್ಗವು ಮೇಲ್ವರ್ಗದ ಗುಣಗಳನ್ನು ಪಡೆಯುತ್ತದೆ ಎಂದು ಪಾಠ ಮಾಡಿದರೆ ಅದು ಪ್ರೋಗ್ರಾಮಿಂಗ್ ಪಾಠವೋ ಜಾತಿಯ ಪಾಠವೋ ಎಂದು ಹುಡುಗರು ನಕ್ಕರೆ ತಪ್ಪು ಅವರದಲ್ಲ.

ಚಂದಾ ಕಟ್ಟುವ ನಿಯಮ

ಇನ್ನು ಮೊದಲರ್ಧ: ದಿಸ್ ಎಂದರೆ ಕರೆಂಟ್ ಆಬ್ಜೆಕ್ಟ್. ‘ಕರೆಂಟ್’ ಎಂದರೆ ಯಾವುದು? ಈಗ ಇರುವುದೇ? ಇಲ್ಲಿ ಇರುವುದೇ? ಮನೆಗೆ ಬಂದ ಮಗ ಕನ್ನಡದಲ್ಲಿ ಹೇಳಬೇಕಾದರೆ ‘ಇದು’ ಎನ್ನುತ್ತಾನೆ. ದಿಸ್ ಎಂದರೆ ಇದು ಎಂದು ಒಂದನೆಯ ಕ್ಲಾಸಿನಲ್ಲೇ ಕಲಿತಿರುತ್ತಾನಲ್ಲ.

‘ಇದು’ ಎನ್ನುವುದಕ್ಕೆ ಬೆರಳು ಬೇಕು. ತೋರಿಸಲು ಎದುರಿಗೆ ಒಂದು ವಸ್ತು ಬೇಕು, ಪಕ್ಕದಲ್ಲಿ ‘ಅದು’ ಎನ್ನಲು ಇನ್ನೊಂದು ಬೇಕು. ಪ್ರೋಗ್ರಾಂ ಬರೆಯುವ ಹೊತ್ತಿಗೆ ಯಾವ ಆಬ್ಜೆಕ್ಟೂ ಹುಟ್ಟಿರುವುದಿಲ್ಲ. ಐರೋಲಿಯ ಕಚೇರಿಯಲ್ಲಿ ಕೂತು ಇವತ್ತು ಬರೆದ ನಿಯಮಕ್ಕೆ ನಾಳೆ ಎಲ್ಲೋ ಒಂದು ಸರ್ವರಿನಲ್ಲಿ ಲಕ್ಷ ಆಬ್ಜೆಕ್ಟುಗಳು ಹುಟ್ಟಬಹುದು. ಬೆರಳು ಯಾರ ಕಡೆ ತೋರಿಸಬೇಕು?

ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಪದವಿದೆ. ಯಾವುದೇ ಕನ್ನಡ ಸಂಘದ ನಿಯಮಾವಳಿಯಲ್ಲಿ ಇರಬಹುದಾದ ಒಂದು ವಾಕ್ಯ: ‘ಪ್ರತಿಯೊಬ್ಬ ಸದಸ್ಯನೂ ತನ್ನ ಚಂದಾವನ್ನು ತಾನೇ ಕಟ್ಟತಕ್ಕದ್ದು.’ ವಾಕ್ಯ ಒಂದು, ಸದಸ್ಯರು ಐನೂರು. ಒಬ್ಬೊಬ್ಬರ ಮಟ್ಟಿಗೂ ‘ತನ್ನ’ ಎಂದರೆ ಅವರವರದೇ. ಮುಂದಿನ ವರ್ಷ ಸೇರುವ, ಇವತ್ತು ಹೆಸರೂ ಗೊತ್ತಿಲ್ಲದ ಸದಸ್ಯನಿಗೂ ಅದು ಅನ್ವಯಿಸುತ್ತದೆ. ನಿಯಮಾವಳಿಯೇ ಕ್ಲಾಸು. ಒಬ್ಬೊಬ್ಬ ಸದಸ್ಯನೂ ಒಂದೊಂದು ಆಬ್ಜೆಕ್ಟು. ‘ತಾನು’ ಎಂಬುದೇ ದಿಸ್, ಅದೇ ಸೆಲ್ಫ್. ಇದೇ ವಾಕ್ಯದಲ್ಲಿ ‘ತನ್ನ’ ಎಂಬುದರ ಜಾಗದಲ್ಲಿ ‘ಅವನ’ ಎಂದು ಹಾಕಿದರೆ ಖಜಾಂಚಿಗೆ ತಲೆನೋವು: ಯಾರ ಚಂದಾವನ್ನು ಯಾರು ಕಟ್ಟಬೇಕು?

ಈ ವ್ಯತ್ಯಾಸ ಕನ್ನಡಿಗರಿಗೆ ಯಾರೂ ಹೇಳಿಕೊಡದೆ ಗೊತ್ತು. ‘ರಾಜು ತನ್ನ ಮನೆಗೆ ಹೋದ’ ಎಂದರೆ ರಾಜುವಿನ ಮನೆ. ‘ರಾಜು ಅವನ ಮನೆಗೆ ಹೋದ’ ಎಂದರೆ ಬಹುಮಟ್ಟಿಗೆ ಬೇರೆ ಯಾರದೋ ಮನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಹಿಸ್’. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ‘ತಾನು, ತಾವು’ ಎಂಬವಕ್ಕೆ ಆತ್ಮಾರ್ಥಕ ಸರ್ವನಾಮ ಎಂಬ ಹೆಸರಿದೆ. ಅದನ್ನು ಕಲಿಸುವುದು ಕನ್ನಡದ ಪೀರಿಯಡ್ಡಿನಲ್ಲಿ, ಮಾರ್ಕಿಗಾಗಿ. ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಅದೇ ಸಂಗತಿ ಬಂದಾಗ ಅದು ಇದೇ ಎಂದು ಯಾರೂ ಹೇಳುವುದಿಲ್ಲ.

ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಹೊರತಂದ ‘ಪ್ರೊನೌನ್ಸ್’ ಎಂಬ ಪುಸ್ತಕದಲ್ಲಿ, ‘ನಾನು, ನೀನು’ ಎಂಬಂಥವನ್ನೂ ‘ಅದು, ಇದು, ಯಾವುದು’ ಎಂಬಂಥವನ್ನೂ ಒಂದೇ ಗುಂಪಿಗೆ ಸೇರಿಸುವುದು ಸರಿಯಲ್ಲ, ಅವುಗಳ ಕೆಲಸವೇ ಬೇರೆ ಎಂದು ಜಗತ್ತಿನ ಹಲವು ಭಾಷೆಗಳನ್ನು ಮುಂದಿಟ್ಟು ವಾದಿಸಿದರು. ಪ್ರೋಗ್ರಾಮಿಂಗ್ ಕಲಿಸುವವರು ಆ ಪುಸ್ತಕ ಓದಬೇಕೆಂದಿಲ್ಲ. ಸರ್ವನಾಮಗಳೆಲ್ಲ ಒಂದೇ ಬಗೆಯವಲ್ಲ ಎಂಬಷ್ಟು ಗೊತ್ತಿದ್ದರೂ ದಿಸ್ ಎಂದರೆ ‘ಇದು’ ಎಂದು ಬರೆಸುತ್ತಿರಲಿಲ್ಲ.

ಇದು ಪುಸ್ತಕದ ಕನ್ನಡಕ್ಕೆ ಮಾತ್ರ ಸೇರಿದ ಗುಟ್ಟೂ ಅಲ್ಲ. ಥಾಣೆ ಜಿಲ್ಲೆಯ ಕನ್ನಡ ಒಂದೇ ಬಗೆಯದಲ್ಲ. ಉಡುಪಿ ಮಂಗಳೂರಿನಿಂದ ಹೋಟೆಲಿಗೆ ಬಂದವರ ಮನೆಗಳಲ್ಲಿ ತುಳು ಅಥವಾ ಕೊಂಕಣಿ, ಅದರ ಜೊತೆ ಕನ್ನಡ. ವಿಜಯಪುರ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರದು ಇನ್ನೊಂದು ಕನ್ನಡ. ಅಲ್ಲಿ ‘ತಾನು’ ಎಂಬುದು ‘ತಾ’ ಆಗುತ್ತದೆ. ತುಳುವಿನಲ್ಲಿ ‘ತಾನ್’ ಇದೆ. ಕೊಂಕಣಿಯಲ್ಲಿ ‘ಆಪುಣ್’ ಇದೆ. ಬೀದಿಯ ಮರಾಠಿಯಲ್ಲಿ ‘ಆಪಣ್’, ‘ಸ್ವತಃ’ ಇವೆ. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ನಾಲ್ಕು ಮನೆಮಾತುಗಳಲ್ಲೂ ದಿಸ್ ಎಂಬುದಕ್ಕೆ ಸರಿಯಾದ ಪದ ಇದೆ. ಇಲ್ಲದಿರುವುದು ಆ ಬೆಂಚಿನ ಮುಂದಿರುವ ಬೋರ್ಡಿನ ಮೇಲೆ ಮಾತ್ರ.

ನಾನು ಎಂದವರು ಯಾರು?

‘ತಾನು’ ಎಂಬುದರ ನಿಜವಾದ ಬೆಲೆ ಗೊತ್ತಾಗುವುದು ಜಾವಾಸ್ಕ್ರಿಪ್ಟಿನಲ್ಲಿ. ಅಲ್ಲಿಯ ದಿಸ್ ಎಂಥ ಅನುಭವಿಗಳನ್ನೂ ಸುಸ್ತು ಮಾಡಿದೆ. ಒಂದು ಆಬ್ಜೆಕ್ಟಿನೊಳಗೆ ಬರೆದ ಫಂಕ್ಷನ್ನನ್ನು ಬೇರೆಯವರ ಕೈಗೆ ಕೊಟ್ಟು ‘ಆಮೇಲೆ ಕರೆ’ ಎಂದರೆ, ಕರೆಯುವ ಹೊತ್ತಿಗೆ ದಿಸ್ ಇನ್ನೇನನ್ನೋ ಸೂಚಿಸುತ್ತದೆ, ಇಲ್ಲವೇ ಏನನ್ನೂ ಸೂಚಿಸುವುದಿಲ್ಲ. 2015ರಲ್ಲಿ ಬಂದ ಆ್ಯರೋ ಫಂಕ್ಷನ್ನಿಗೆ ಸ್ವಂತದ ದಿಸ್ ಇಲ್ಲ. ತನ್ನನ್ನು ಎಲ್ಲಿ ಬರೆದಿದೆಯೋ ಅಲ್ಲಿಯ ದಿಸ್ ಅನ್ನೇ ಅದು ಹಿಡಿದುಕೊಳ್ಳುತ್ತದೆ. ಈ ಎರಡರ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಟಗಟ್ಟಲೆ ಬೇಕಾಗುತ್ತದೆ. ಕನ್ನಡದಲ್ಲಿ ಎರಡು ವಾಕ್ಯ ಸಾಕು.

‘ನಾನು ಬರುತ್ತೇನೆ’ ಎಂದು ಶೀಲಾ ಹೇಳಿದಳು. ಆ ಮಾತನ್ನು ರಮೇಶ ಕೇಳಿಕೊಂಡು ಹೋಗಿ ಇನ್ನೊಂದು ಮನೆಯಲ್ಲಿ ಬರಿಯ ‘ನಾನು ಬರುತ್ತೇನೆ’ ಎಂದು ಉದುರಿಸಿದರೆ ಬರುವವನು ರಮೇಶನಾಗುತ್ತಾನೆ. ಯಾರ ಬಾಯಿಗೆ ಬಂತೋ ಅವರೇ ‘ನಾನು’. ಜಾವಾಸ್ಕ್ರಿಪ್ಟಿನ ಸಾಮಾನ್ಯ ಫಂಕ್ಷನ್ನಿನ ದಿಸ್ ಹೀಗೆ. ಇನ್ನೊಂದು ವಾಕ್ಯ: ‘ತಾನು ಬರುತ್ತೇನೆಂದು ಶೀಲಾ ಹೇಳಿದಳು.’ ಇದನ್ನು ರಮೇಶ ಹೇಳಲಿ, ಸುರೇಶ ಹೇಳಲಿ, ಹತ್ತು ಮನೆ ದಾಟಲಿ, ಬರುವವಳು ಶೀಲಾಳೇ. ‘ತಾನು’ ಹೊರಗಿನ ವಾಕ್ಯದ ಶೀಲಾಳನ್ನು ಬಿಗಿಯಾಗಿ ಹಿಡಿದಿದೆ. ಆ್ಯರೋ ಫಂಕ್ಷನ್ನಿನ ದಿಸ್ ಹೀಗೆ. ಕ್ರಿಯಾಪದ ‘ಬರುತ್ತೇನೆ’ ಎಂದು ಉತ್ತಮ ಪುರುಷದಲ್ಲಿದ್ದರೂ ಯಾರಿಗೂ ಗೊಂದಲವಾಗುವುದಿಲ್ಲ. ಅಜ್ಜಿ ಕಥೆ ಹೇಳುವಾಗ ಇಂಥ ವಾಕ್ಯಗಳು ಧಾರಾಳವಾಗಿ ಬರುತ್ತವೆ. ಐದು ವರ್ಷದ ಮಗು ಕೇಳಿ ಅರ್ಥಮಾಡಿಕೊಳ್ಳುತ್ತದೆ. ಇಪ್ಪತ್ತು ವರ್ಷಕ್ಕೆ ಅದೇ ಮಗು ಕೋಚಿಂಗ್ ಕ್ಲಾಸಿಗೆ ದುಡ್ಡು ಕಟ್ಟಿ ಅದೇ ಸಂಗತಿ ಅರ್ಥವಾಗದೆ ಕಣ್ಣು ಬಿಡುತ್ತದೆ.

ಪೈಥಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ‘ಪೇರೆಂಟ್’ ಎಂಬ ವಿವರಣೆಯನ್ನು ಪೂರ್ತಿ ಬೀಳಿಸುತ್ತದೆ. ಅಲ್ಲಿ ಒಂದು ಕ್ಲಾಸಿಗೆ ಎರಡು ಮೂಲಗಳಿರಬಹುದು. ಎಲ್ಲ ಹಿರಿಯರನ್ನೂ ಒಂದು ಸಾಲಿನಲ್ಲಿ ನಿಲ್ಲಿಸುವ ಕ್ರಮವೊಂದಿದೆ. ಈಗಿನ ಕ್ರಮ 2003ರ 2.3 ಆವೃತ್ತಿಯಲ್ಲಿ ಬಂತು. ಸೂಪರ್ ಎಂದರೆ ಆ ಸಾಲಿನಲ್ಲಿ ‘ಮುಂದಿನವರಂತೆ’. ಆ ಮುಂದಿನವರು ತಂದೆ ತಾಯಿಯೇ ಆಗಿರಬೇಕೆಂದಿಲ್ಲ. ಅಜ್ಜನೊಬ್ಬ, ಅವನಿಗೆ ಇಬ್ಬರು ಮಕ್ಕಳು, ಆ ಇಬ್ಬರಿಂದಲೂ ಪಡೆದ ಒಂದು ಮೊಮ್ಮಗು. ಹೀಗೆ ನಾಲ್ಕು ಕ್ಲಾಸುಗಳಿದ್ದರೆ, ಮೊದಲ ಮಗನ ನಿಯಮದಲ್ಲಿ ಬರೆದ ಸೂಪರ್, ಮೊಮ್ಮಗುವಿನ ವಿಷಯ ಬಂದಾಗ ಅಜ್ಜನ ಕಡೆ ಹೋಗದೆ ಎರಡನೆಯ ಮಗನ ಕಡೆ ತಿರುಗುತ್ತದೆ. ಮನುಷ್ಯರ ಮನೆತನದಲ್ಲಿ ಹೀಗೆ ಇರುವುದಿಲ್ಲ ನಿಜ. ಇದನ್ನು ‘ಪೇರೆಂಟ್ ಆಬ್ಜೆಕ್ಟ್’ ಎಂದು ಬರೆದುಕೊಂಡವರು ಎಲ್ಲಿಗೆ ಹೋಗಬೇಕು? ‘ಅಂತೆ’ ಎಂದು ಬರೆದುಕೊಂಡವರಿಗೆ ಉಳಿಯುವುದು ಒಂದೇ ಪ್ರಶ್ನೆ: ಯಾರಂತೆ? ಅದಕ್ಕೆ ಉತ್ತರ ಸಾಲಿನಲ್ಲಿದೆ. ಆ ಸಾಲು ಯಾರದು ಎಂದರೆ, ‘ತಾನು’ ಯಾರೋ ಅವರದು.

ಇಬ್ಬರೂ ತಪ್ಪಿತಸ್ಥರು

ಈ ಸುಳ್ಳು ಸಾಲು ಉಳಿದುಕೊಂಡಿರುವುದಕ್ಕೆ ಎರಡು ಪಕ್ಷಗಳು ಕಾರಣ. ಒಂದಕ್ಕೊಂದು ಎದುರು ನಿಂತಂತೆ ಕಾಣುತ್ತವೆ, ಮಾಡುವ ಕೆಲಸ ಮಾತ್ರ ಒಂದೇ.

ಮೊದಲನೆಯ ಪಕ್ಷ ‘ಕನ್ನಡ ಮನೆಗೆ ಸಾಕು’ ಎನ್ನುವವರದು. ಇವರಲ್ಲಿ ಕೆಟ್ಟವರು ಯಾರೂ ಇಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಕಲಿತು ಮೇಲೆ ಬಂದ ತಲೆಮಾರಿನ ಮಕ್ಕಳು, ಮೊಮ್ಮಕ್ಕಳು ಇವರು. ಮುಂಬಯಿಯ ರಾತ್ರಿ ಶಾಲೆಗಳ ಹೆಮ್ಮೆಯನ್ನು ಸಂಘದ ವೇದಿಕೆಯಲ್ಲಿ ಹೇಳಿಕೊಳ್ಳುತ್ತಾರೆ. ಆದರೆ ಆ ಶಾಲೆಗಳು ತೋರಿಸಿಕೊಟ್ಟದ್ದು ಏನನ್ನು? ದಣಿದು ಬಂದ ಹುಡುಗನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರೆ ಲೆಕ್ಕವೂ ವಿಜ್ಞಾನವೂ ತಲೆಗೆ ಹತ್ತುತ್ತದೆ ಎಂಬುದನ್ನು. ಆ ಪಾಠವನ್ನು ಮರೆತು ಈಗ ಮಗಳಿಗೆ ‘ಅರ್ಥವಾಗದಿದ್ದರೆ ಬಾಯಿಪಾಠ ಮಾಡು, ಇಂಗ್ಲಿಷಿನಲ್ಲೇ ಮಾಡು’ ಎನ್ನುತ್ತಾರೆ. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲಿಷಿನಲ್ಲಿ ಒಂದು ಸುಳ್ಳನ್ನು ಕಲಿಯುವುದು ಇಂಗ್ಲಿಷ್ ಕಲಿತಂತೆಯೂ ಅಲ್ಲ, ಕಂಪ್ಯೂಟರ್ ಕಲಿತಂತೆಯೂ ಅಲ್ಲ.

ಎರಡನೆಯ ಪಕ್ಷ ಪದ ಟಂಕಿಸುವವರದು. ಇವರಿಗೆ ಕನ್ನಡದ ಮೇಲೆ ಪ್ರೀತಿ ಇದೆ, ವಾಕ್ಯದ ಮೇಲೆ ಇಲ್ಲ. ಇವರಿಗೆ ಜ್ಞಾನ ಎಂದರೆ ಪದಪಟ್ಟಿ: ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಒಂದು ಬಣ ‘ಪ್ರಸ್ತುತ ವಸ್ತು ಸೂಚಕ’ ಎನ್ನುತ್ತದೆ, ಇನ್ನೊಂದು ಬಣ ಅಚ್ಚಗನ್ನಡದಲ್ಲಿ ಮತ್ತೇನೋ ಕಟ್ಟುತ್ತದೆ. ಇಬ್ಬರ ನಡುವೆ ವರ್ಷಗಟ್ಟಲೆ ಜಗಳ. ಪಾರಿಭಾಷಿಕ ಪದಗಳ ಕೇಂದ್ರ ಆಯೋಗ ದೆಹಲಿಯಲ್ಲಿ 1961ರಲ್ಲೇ ಸ್ಥಾಪನೆಯಾಯಿತು. ಇಂಜಿನಿಯರಿಂಗ್ ಪಠ್ಯಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುವ ಕೆಲಸವನ್ನು ಎಐಸಿಟಿಇ ಕೈಗೆತ್ತಿಕೊಂಡಿದೆ. ಒಳ್ಳೆಯ ಕೆಲಸಗಳೇ. ಆದರೆ ‘ಪೇರೆಂಟ್ ಆಬ್ಜೆಕ್ಟ್’ ಎಂಬುದನ್ನು ‘ಜನಕ ವಸ್ತು’ ಎಂದು ಮಾಡಿದರೆ ಸುಳ್ಳು ಕನ್ನಡಕ್ಕೆ ಬಂತು, ಅಷ್ಟೇ; ನಿಜವಾಗಲಿಲ್ಲ. ಪಟ್ಟಿಯಲ್ಲಿ ‘ಅಂತೆ’ ಎಂಬುದಕ್ಕೆ ಜಾಗವಿಲ್ಲ, ಯಾಕೆಂದರೆ ಅದು ಪ್ರತ್ಯಯದ ಹಾಗೆ ಅಂಟಿಕೊಂಡು ಬರುವ ಮಾತು. ‘ತಾನು’ ಎಂಬುದಕ್ಕೂ ಜಾಗವಿಲ್ಲ, ಯಾಕೆಂದರೆ ಅದು ತೀರಾ ಸಾದಾ. ಅಷ್ಟು ಸಾದಾ ಪದವನ್ನು ಪಾರಿಭಾಷಿಕ ಎಂದು ಯಾರು ಒಪ್ಪುತ್ತಾರೆ?

ಒಂದು ಪಕ್ಷ ಕನ್ನಡವನ್ನು ಅಡುಗೆಮನೆಗೆ ಕಳಿಸಿತು, ಇನ್ನೊಂದು ಪಕ್ಷ ಗಾಜಿನ ಕಪಾಟಿನಲ್ಲಿ ಇಟ್ಟಿತು. ಎರಡೂ ಸೇರಿ ಅದನ್ನು ಯೋಚನೆಯ ಮೇಜಿನಿಂದ ಎಬ್ಬಿಸಿದವು.

ಆಕ್ಷೇಪಗಳು

‘ಹಾಗಾದರೆ ಕೋಡನ್ನೂ ಕನ್ನಡದಲ್ಲಿ ಬರೆಯಬೇಕೇ?’ ಬೇಡ. ಸಂಗೀತದಲ್ಲಿ ಸರಿಗಮ ಇದ್ದಂತೆ ದಿಸ್, ಸೂಪರ್ ಇರಲಿ. ಅವು ಎರಡು ಗುರುತುಗಳು. ಜಗತ್ತಿನಾದ್ಯಂತ ಓದುವ ಗುರುತುಗಳನ್ನು ಬದಲಿಸಿ ಡೊಂಬಿವಲಿಯ ಹುಡುಗಿಗೆ ಯಾವ ಉಪಕಾರವೂ ಆಗುವುದಿಲ್ಲ. ಬದಲಾಗಬೇಕಾದದ್ದು ಆ ಗುರುತಿನ ಬಗ್ಗೆ ಆಡುವ ಮಾತು. ಬೋರ್ಡಿನ ಮೇಲೆ ‘ಸೂಪರ್’ ಎಂದೇ ಬರೆಯಿರಿ. ಬಾಯಲ್ಲಿ ‘ಮೂಲದಂತೆ’ ಎನ್ನಿರಿ.

‘ಕೆಲಸದ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆಯಲ್ಲ?’ ನಡೆಯುತ್ತದೆ. ಐರೋಲಿ, ಘನ್ಸೋಲಿ, ಮಹಾಪೆಯ ಕಚೇರಿಗಳಲ್ಲಿ ಯಾರೂ ಕನ್ನಡದಲ್ಲಿ ಪ್ರಶ್ನೆ ಕೇಳುವುದಿಲ್ಲ. ಆದರೆ ದೋಸೆಯ ಬಿಲ್ಲಿನಂಥ ಹತ್ತು ಸಾಲಿನ ತುಣುಕನ್ನು ಮುಂದಿಟ್ಟು ‘ಉತ್ತರ ಎಷ್ಟು’ ಎಂದು ಕೇಳಿದರೆ, 170 ಎಂಬ ಸಂಖ್ಯೆ ಯಾವ ಭಾಷೆಯಲ್ಲಿ ಹೇಳಿದರೂ 170. 130 ಎಂದವರ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೇನು?

‘ಈಗ ಕೋಡನ್ನು ಎಐ ಬರೆದುಕೊಡುತ್ತದೆ, ಇದೆಲ್ಲ ಯಾಕೆ?’ ಯಂತ್ರ ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳುವುದೇ ಇನ್ನು ಮನುಷ್ಯರಿಗೆ ಉಳಿದ ಕೆಲಸ. ಬಿಲ್ಲಿನ ನಿಯಮದಲ್ಲಿ ಸೂಪರ್ ಎಂಬುದರ ಜಾಗದಲ್ಲಿ ದಿಸ್ ಎಂದು ಬಿದ್ದಿದ್ದರೆ, ಶಾಖೆ ‘ತನ್ನಂತೆ’ ಬಿಲ್ಲು ಮಾಡಲು ಹೋಗಿ, ಮತ್ತೆ ತನ್ನಂತೆ, ಮತ್ತೆ ತನ್ನಂತೆ ಎಂದು ತನ್ನನ್ನೇ ಕರೆದುಕೊಳ್ಳುತ್ತ, ಜಾಗ ಮುಗಿದು ಪ್ರೋಗ್ರಾಂ ಬೀಳುವವರೆಗೂ ಸುತ್ತುತ್ತದೆ. ಆ ಒಂದು ಪದವನ್ನು ಕಣ್ಣಿಗೆ ಹಿಡಿಯಬೇಕಾದವರು ಬಾಯಿಪಾಠದವರಲ್ಲ.

‘ಇದಕ್ಕೆ ಶಿಕ್ಷಕರು ಎಲ್ಲಿದ್ದಾರೆ?’ ಇಲ್ಲೇ ಇದ್ದಾರೆ. ಡೊಂಬಿವಲಿ ಕರ್ನಾಟಕ ಸಂಘ ಶಾಲೆಯನ್ನೂ ಕಾಲೇಜನ್ನೂ ನಡೆಸುತ್ತದೆ. ಥಾಣೆ, ಕಲ್ಯಾಣ, ನವಿ ಮುಂಬಯಿಯಲ್ಲಿ ಕನ್ನಡ ಸಂಘಗಳಿವೆ, ಸಮುದಾಯ ಭವನಗಳಿವೆ, ಭಾನುವಾರಗಳಿವೆ. ಬೆಳಗ್ಗೆ ಡೊಂಬಿವಲಿಯ ನೂಕುನುಗ್ಗಲಿನಲ್ಲಿ ರೈಲು ಹತ್ತಿ ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುವವರಲ್ಲಿ ಕನ್ನಡದ ಮನೆಗಳ ಇಂಜಿನಿಯರುಗಳು ಬೇಕಾದಷ್ಟು ಇದ್ದಾರೆ. ರಾಜ್ಯೋತ್ಸವಕ್ಕೆ ಅವರನ್ನು ಕರೆದು ಶಾಲು ಹೊದಿಸಿ ಕಳಿಸುವ ಬದಲು ಒಂದು ಸೀಮೆಸುಣ್ಣ ಕೈಗೆ ಕೊಡಬಹುದು. ವಾರಕ್ಕೆ ಒಂದು ಗಂಟೆ. ಕೋಡು ಇಂಗ್ಲಿಷಿನಲ್ಲಿ, ಮಾತು ಮನೆಯ ಕನ್ನಡದಲ್ಲಿ. ಕರಾವಳಿಯದಾದರೂ ಸರಿ, ಬಯಲುಸೀಮೆಯದಾದರೂ ಸರಿ, ತುಳು ಬೆರೆತರೂ ಸರಿ. ಇದಕ್ಕೆ ಸರಕಾರದ ಆದೇಶ ಬೇಡ, ಪದಕೋಶ ಸಮಿತಿ ಬೇಡ, ಅನುದಾನವೂ ಬೇಡ.

ಮೊದಲ ಪಾಠಕ್ಕೆ ದೋಸೆಯ ಬಿಲ್ಲು ಸಾಕು. ಮಕ್ಕಳು 130 ಎನ್ನುತ್ತಾರೆ. ‘ಯಾರು ಬಿಲ್ಲು ಮಾಡುತ್ತಿದ್ದಾರೆ?’ ಎಂದು ಕೇಳಬೇಕು. ‘ಶಾಖೆ’ ಎನ್ನುತ್ತಾರೆ. ‘ಹೇಗೆ ಮಾಡುತ್ತಿದೆ?’ ‘ಮೂಲದ ಹಾಗೆ.’ ‘ಯಾರ ದರದಲ್ಲಿ?’ ಒಂದು ಕ್ಷಣ ಸುಮ್ಮನಿರುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ‘ತನ್ನ ದರದಲ್ಲಿ’ ಎನ್ನುತ್ತಾರೆ. ನೋಟ್ಸಿನ ಆ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆಯಬೇಕಾದ್ದು ಆಗ.